ಕೆರೆಯಂಗಳದಲ್ಲಿ ಅಂತಿಮ ಪಂದ್ಯ

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಭಾರತದ ಪುರುಷರ ಫುಟ್‌ಬಾಲ್ ತಂಡವು ಕುವೈತ್ ತಂಡವನ್ನು ಮಣಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಪ್ರಶಸ್ತಿಯನ್ನು ಒಂಬತ್ತನೆಯ ಬಾರಿಗೆ ತನ್ನದಾಗಿಸಿಕೊಂಡಿತು. ಹದಿನಾಲ್ಕನೆಯ ನಿಮಿಷದಲ್ಲಿಯೇ ಶಬೀಬ್ ಅಲ್ ಖಾಲ್ದಿ ಕುವೈತಿಗೆ ಮೊದಲ ಗೋಲು ತಂದುಕೊಟ್ಟರು. ವಿರಾಮಕ್ಕೆ ಮುನ್ನ ನಾಯಕ ಸುನಿಲ್ ಛೆಟ್ರಿಯವರ ಕಾಲಿನಿಂದ ಹೊರಟ ಚೆಂಡು ಕೇರಳದ ಸಹಲ್ ಅಬ್ದುಲ್ ಸಮದ್ ಅವರನ್ನು ತಲುಪಿ, ಅಲ್ಲಿಂದ ಮಿಜೋರಾಮಿನ ಲಾಲಿಯನ್‌ಜುವಾಲ ಛಾಂಗ್ಟೆಯವರ ಬಳಿಗೆ ಉರುಳಿ ಬಲೆಯನ್ನು ಸೇರಿತು. ನಿಗದಿತ ಅವಧಿಯೂ ಹೆಚ್ಚುವರಿ ಅವಧಿಯೂ 1–1ರ ಸಮದಲ್ಲಿ ಮುಗಿದವು. ಪೆನಾಲ್ಟಿ ಒದೆತಗಳಲ್ಲಿಯೂ ಐದೈದು ಅವಕಾಶಗಳ ಅನಂತರ ಸಮ. ಆರನೆಯ ಒದೆತದಲ್ಲಿ ಮಣಿಪುರದ ನವೊರೆಮ್ ಮಹೇಶ್ ಸಿಂಗ್ ಗುರಿ ಮುಟ್ಟಿಸಿದರು. ಕುವೈತಿನ ಆರನೆಯ ಒದೆತವನ್ನು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅಡ್ಡಬಿದ್ದು ತಡೆದರು. ಕಿಕ್ಕಿರಿದಿದ್ದ ಕ್ರೀಡಾಂಗಣದ ಸಂಭ್ರಮ ಬಹಳ ಹೊತ್ತು ಇಳಿಯಲಿಲ್ಲ.

ಆ ಕ್ರೀಡಾಂಗಣದಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ, ನಗರದ ಪಶ್ಚಿಮಕ್ಕೆ, ಲಗ್ಗೆರೆ ಇದೆ. ಮಲೆನಾಡಿನ ಮನೆಗಳಲ್ಲಿ ಈ ಹೆಸರು ಅಪರಿಚಿತವೇನಲ್ಲ. ಅಡಿಕೆಯ ಬೆಲೆ ಕುಸಿದ ವರ್ಷ, ಕೊಳೆರೋಗಕ್ಕೆ ಫಸಲು ಉದುರಿದ ವರ್ಷ, ಪಾಲಾದ ಮೇಲೆ ಉಳಿದ ಅರ್ಧ ಎಕರೆ ಹೊಟ್ಟೆಗೆ ಸಾಲದಾದ ವರ್ಷ ಘಟ್ಟದ ಊರುಗಳಿಂದ ಹೊರಟ ಹುಡುಗರು ಪೀಣ್ಯದ ಕಾರ್ಖಾನೆಗಳಲ್ಲಿ, ಹುಡುಗಿಯರು ಗಾರ್ಮೆಂಟ್ಸ್ ಘಟಕಗಳಲ್ಲಿ ಕೆಲಸ ಹಿಡಿದು ಬಾಡಿಗೆಗೆ ಕೋಣೆ ಹುಡುಕುವುದು ಇಂತಹ ಬಡಾವಣೆಗಳಲ್ಲಿಯೇ. ಲಗ್ಗೆರೆ ಎಂಬ ಹೆಸರಿನ ತುದಿಯಲ್ಲಿ ಕಿವಿಗೆ ಕೇಳುವುದು ಕೆರೆ ಎಂಬ ಪದದ ಸದ್ದು, ದಾವಣಗೆರೆಯಲ್ಲಿ ಕೇಳುವಂತೆಯೇ. ಕಣ್ಣಿಗೆ ಕಾಣುವುದಾದರೋ ರಿಂಗ್ ರಸ್ತೆ, ಮೇಲ್ಸೇತುವೆ, ಒಂದರ ಗೋಡೆಗೆ ಇನ್ನೊಂದರ ಗೋಡೆ ತಾಗಿ ನಿಂತ ಮನೆಗಳು. ಇಂತಹ ಕಡೆಗಳಲ್ಲಿ ಮಕ್ಕಳ ಮೈದಾನವೆಂದರೆ ಖಾಲಿ ಸೈಟು. ಅದರ ಮಾಲೀಕ ಒಂದು ಮುಂಜಾನೆ ಜಲ್ಲಿ, ಮರಳು ತಂದು ಸುರಿಯುವವರೆಗೆ ಮಾತ್ರ ಅದು ಮೈದಾನ. ಅಂತಿಮ ಪಂದ್ಯವನ್ನು ಮೊಬೈಲ್ ಪರದೆಯಲ್ಲಿ ನೋಡಿ ಹುರುಪುಗೊಂಡ ಹುಡುಗನೊಬ್ಬ ಮರುದಿನ ಚೆಂಡು ಹಿಡಿದು ಹೊರಟರೆ ಅದನ್ನು ಒದೆಯುವುದು ಎಲ್ಲಿ ಎಂಬ ಪ್ರಶ್ನೆ ಚಿಕ್ಕದಾಗಿ ತೋರಬಹುದು. ಅದಕ್ಕೆ ಉತ್ತರ ಹುಡುಕಹೊರಟರೆ ಮಾತ್ರ ನಗರದ ನೂರು ವರ್ಷದ ಜಲಚರಿತ್ರೆಯನ್ನೇ ಓದಬೇಕಾಗುತ್ತದೆ.

ಏಕೆಂದರೆ ಅಂದು ಇಪ್ಪತ್ತೆರಡು ಮಂದಿ ಓಡಾಡಿದ ಕಂಠೀರವದ ಹುಲ್ಲುಹಾಸಿನ ಜಾಗ ಒಂದು ಕೆರೆಯದು. ಸಂಪಂಗಿ ಕೆರೆ ಎಂದು ಅದರ ಹೆಸರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬರುವ ಮುನ್ನ ಬೆಂಗಳೂರಿನ ದಾಹ ತೀರಿಸುತ್ತಿದ್ದ ಕೆರೆಗಳಲ್ಲಿ ಅದೂ ಒಂದು. ಅದರ ಸುತ್ತ ತಿಗಳ ಸಮುದಾಯದವರ ಹೂವು ತರಕಾರಿಯ ತೋಟಗಳಿದ್ದವು. ಬೇಸಿಗೆಯಲ್ಲಿ ನೀರು ಇಳಿದಾಗ ಬಯಲಾಗುವ ಅಂಗಳದಲ್ಲಿ ದನ ಮೇಯುತ್ತಿದ್ದವು, ಇಟ್ಟಿಗೆಗೆ ಮಣ್ಣು ತೆಗೆಯುತ್ತಿದ್ದರು. ಆ ಬಯಲಿನ ಮೇಲೆ ಆಟಕ್ಕೂ ಕಣ್ಣುಬಿದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಕುದುರೆಯೇರಿ ಪೋಲೋ ಆಡುವವರಿಗಾಗಿ ಕೆರೆಯಂಗಳವನ್ನು ಒಣಗಿಸಿಯೇ ಇಡಬೇಕೆಂಬ ಒತ್ತಾಯ ಒಂದು ಕಡೆ. ತೋಟಕ್ಕೆ ನೀರು ನಿಲ್ಲಿಸಿಕೊಡಿ ಎಂಬ ಬೆಳೆಗಾರರ ಮೊರೆ ಇನ್ನೊಂದು ಕಡೆ. ಗೆದ್ದವರು ಯಾರೆಂಬುದನ್ನು ಊಹಿಸಬೇಕಾಗಿಲ್ಲ. ದೂರದ ಕೊಳವೆಯ ನೀರು ಮನೆಯ ನಲ್ಲಿಗೆ ಬಂದ ಮೇಲೆ ಊರ ನಡುವಿನ ಕೆರೆಯನ್ನು ಕೇಳುವವರು ಕಡಿಮೆಯಾದರು. 1930ರ ದಶಕ ಮುಗಿಯುವ ಹೊತ್ತಿಗೆ ಸಂಪಂಗಿಯ ಬಹುಪಾಲು ಒಣಗಿಹೋಗಿತ್ತು. ಮುಂದೆ ಅಲ್ಲಿ ಕ್ರೀಡಾಂಗಣ ಬಂದಿತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಅದು ದೊಡ್ಡದಾಗಿ ಎದ್ದುನಿಂತಿತು. ಕೆರೆಯ ಕುರುಹಾಗಿ ಉಳಿದಿರುವುದು ಪಕ್ಕದ ಒಂದು ಸಣ್ಣ ಕೊಳ. ಧರ್ಮರಾಯನ ಕರಗದ ವಿಧಿಗಳಿಗೆ ಇಂದಿಗೂ ಜನ ಅಲ್ಲಿಗೆ ಬರುತ್ತಾರೆ. ಸರ್ಕಾರದ ಕಡತ ಮರೆತುದನ್ನು ಆಚರಣೆ ಮರೆತಿಲ್ಲ.

ಇದೊಂದು ಬಿಡಿ ಪ್ರಸಂಗವಾಗಿದ್ದರೆ ಕಾಲದ ಮಹಿಮೆ ಎಂದು ಬಿಡಬಹುದಾಗಿತ್ತು. ಆದರೆ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣವಿರುವುದು ಶೂಲೆ ಕೆರೆಯ ಜಾಗದಲ್ಲಿ. ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲೆ. ಜಕ್ಕರಾಯನ ಕೆರೆ ಆಟದ ಬಯಲಾಯಿತು. ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್ ಆಡುತ್ತಾರೆ. ಪಶ್ಚಿಮದಲ್ಲಿ ಶಿವನಹಳ್ಳಿಯ ಕೆರೆ ಮೈದಾನವೂ ಬಸ್ ನಿಲ್ದಾಣವೂ ಆಯಿತು. ಲಗ್ಗೆರೆಯ ನೆರೆಯ ಕುರುಬರಹಳ್ಳಿಯ ಕೆರೆ ಮನೆಗಳಾಗಿ ಮುಗಿಯಿತು. ಅಳಿದುಳಿದುದನ್ನು ಕಾಯುವುದು ಹೇಗೆಂದು ಹೇಳಲು ಸರ್ಕಾರ 1985ರಲ್ಲಿ ಎನ್. ಲಕ್ಷ್ಮಣ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸುವಷ್ಟರಲ್ಲಿ ಆಟದ ಹೆಸರಿನಲ್ಲಿಯೂ ಸೂರಿನ ಹೆಸರಿನಲ್ಲಿಯೂ ಹೋಗಬೇಕಾದ ಕೆರೆಗಳು ಹೋಗಿಯಾಗಿದ್ದವು.

ಮಣ್ಣನ್ನು ಬಲ್ಲವರಿಗೆ ಇದರಲ್ಲಿ ಒಂದು ವಿಚಿತ್ರ ಕಾಣುತ್ತದೆ. ಕೆರೆಗೂ ಕ್ರೀಡಾಂಗಣಕ್ಕೂ ನೀರಿನ ವಿಷಯದಲ್ಲಿ ಪೂರ್ತಿ ವಿರುದ್ಧವಾದ ಧರ್ಮ. ಕೆರೆಯ ತಳದಲ್ಲಿ ತಲೆಮಾರುಗಳಿಂದ ಇಳಿದು ಕುಳಿತ ಗೋಡಿನ ಗುಣ ನೀರನ್ನು ಹಿಡಿದಿಡುವುದು. ಬಿಡುವುದಾದರೂ ಮೆಲ್ಲಗೆ, ಕೆಳಗಿನ ಬಾವಿಗಳಿಗೆ ತಲುಪುವಂತೆ. ಅಂತರರಾಷ್ಟ್ರೀಯ ಪಂದ್ಯದ ಮೈದಾನಕ್ಕೆ ಬೇಕಾದ ಗುಣ ಬಿದ್ದ ಮಳೆಯನ್ನು ನಿಮಿಷಗಳಲ್ಲಿ ಕಳೆದುಕೊಳ್ಳುವುದು. ಆದ್ದರಿಂದ ಅದರಡಿಯಲ್ಲಿ ಜಲ್ಲಿ, ಅದರ ಮೇಲೆ ದಪ್ಪ ಮರಳು, ನಡುವೆ ತೂತುಕೊಳವೆಗಳ ಸಾಲು ಹಾಕುತ್ತಾರೆ. ಹುಲ್ಲಿನ ಬೇರು ಆ ಮರಳಿನಲ್ಲಿಯೇ ಜೀವ ಹಿಡಿಯಬೇಕು. ಹೀಗೆ ನೀರು ನಿಲ್ಲಬಾರದ ಒಂದು ನೆಲವನ್ನು, ನೀರು ನಿಲ್ಲುವುದಕ್ಕೆಂದೇ ಹಿಂದಿನವರು ಆಯ್ದ ತಗ್ಗಿನಲ್ಲಿ ಕಟ್ಟಿದ್ದಾಗಿದೆ.

ಲೆಕ್ಕ ಸರಳ. ಅಂತರರಾಷ್ಟ್ರೀಯ ಅಳತೆಯ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ 7,140 ಚದರ ಮೀಟರ್, ಒಂದೂಮುಕ್ಕಾಲು ಎಕರೆ. ಅದರ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 1,78,500 ಲೀಟರ್ ನೀರು. ಸ್ಯಾಫ್ ಪಂದ್ಯಾವಳಿಯ ಮೊದಲ ದಿನ, ಜೂನ್ 21ರಂದು, ಭಾರತ ಪಾಕಿಸ್ತಾನವನ್ನು 4–0 ಅಂತರದಿಂದ ಸೋಲಿಸಿದ ಪಂದ್ಯ ಮಳೆಯಲ್ಲಿಯೇ ನಡೆದುದನ್ನು ನೋಡಿದವರು ಮರೆತಿರಲಾರರು. ಹಾಗೆ ಬಿದ್ದ ನೀರು ಚರಂಡಿ ಸೇರಿ, ಊರಿನ ಕೊಳೆಯೊಡನೆ ಬೆರೆತು, ನೊರೆಗೂ ಬೆಂಕಿಗೂ ಹೆಸರಾದ ಬೆಳ್ಳಂದೂರಿನ ಕಡೆಗೆ ಸಾಗುತ್ತದೆ. ಬೇಸಿಗೆ ಬಂದಾಗ ಅದೇ ಹುಲ್ಲಿಗೆ ಬಾಯಾರಿಕೆ. ದಿನಕ್ಕೆ 5 ಮಿಲಿಮೀಟರಿನಂತೆ ಹಿಡಿದರೂ 35,700 ಲೀಟರ್, ನಾಲ್ಕೈದು ಟ್ಯಾಂಕರ್ ನೀರು ಬೇಕು. ನಗರದವನೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಂತೆ ಅದು 264 ಜನರ ಪಾಲು. ಹಳ್ಳಿಯವನಿಗೆ ಸರ್ಕಾರ ಗೊತ್ತುಮಾಡಿರುವ 55 ಲೀಟರಿನ ಲೆಕ್ಕದಲ್ಲಿ ಸುಮಾರು 650 ಜನರದು. ನಗರದವನಿಗೂ ಹಳ್ಳಿಯವನಿಗೂ ಬಾಯಾರಿಕೆಯಲ್ಲಿ ಇಷ್ಟೊಂದು ಅಂತರವೇಕೆ ಎಂಬುದು ಬೇರೆಯೇ ಒಂದು ಸಂಪಾದಕೀಯದ ವಿಷಯ.

ಬೆಂಗಳೂರಿನ ನಲ್ಲಿಗಳಿಗೆ ಬರುವ ನೀರಾದರೂ ಎಲ್ಲಿಯದು? ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ, ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ತಳ್ಳಬೇಕು. ಆ ಸ್ಯಾಫ್ ಪಂದ್ಯಾವಳಿ ನಡೆದ 2023ರಲ್ಲಿ ಮುಂಗಾರು ಕೈಕೊಟ್ಟಿತು. ಸರ್ಕಾರ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಹಂತಹಂತವಾಗಿ ಸಾರಬೇಕಾಯಿತು. ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಮರುವರ್ಷ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾವಿರಗಟ್ಟಲೆ ಬತ್ತಿದಾಗ ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಿತು. ಚಿನ್ನಸ್ವಾಮಿ ಕ್ರಿಕೆಟ್ ಕ್ರೀಡಾಂಗಣಕ್ಕೆ ಶುದ್ಧೀಕರಿಸಿದ ಕೊಳಚೆ ನೀರನ್ನು ಒದಗಿಸುವುದಾಗಿ ಹೇಳಿತು. ಅದು ಸರಿಯಾದ ಕ್ರಮವೇ. ಹುಲ್ಲಿಗೆ ಕುಡಿಯುವ ನೀರೇ ಆಗಬೇಕೆಂಬ ಹಟವಿಲ್ಲ. ಬಿಸಿನಾಡುಗಳ ಬಹುತೇಕ ಮೈದಾನಗಳಲ್ಲಿ ಬೆಳೆಸುವ ದುಬಾರಿ ಬರ್ಮುಡಾ ಹುಲ್ಲು ಬೇರೇನೂ ಅಲ್ಲ, ಗಣಪತಿಗೆ ಏರಿಸುವ ಗರಿಕೆಯ ಕುಲದ್ದೇ. ತುಳಿದರೂ ಚಿಗುರುವುದು ಅದರ ಸ್ವಭಾವ. ಆ ಸ್ವಭಾವವಿಲ್ಲದಿದ್ದರೆ, ಮಳೆಗಾಲದ ಹದಿನಾಲ್ಕು ದಿನಗಳಲ್ಲಿ ಒಂದೇ ಕ್ರೀಡಾಂಗಣದಲ್ಲಿ ಹದಿನೈದು ಪಂದ್ಯಗಳನ್ನು ಆಡಿಸುವುದು ಕನಸಿನ ಮಾತಾಗುತ್ತಿತ್ತು.

ಇಷ್ಟು ಹೇಳಿದ ಮೇಲೆ ಆಟದ ಪರವಾಗಿಯೂ ಮಾತನಾಡಬೇಕು. ಎಂಟು ತಂಡಗಳು, ಇದ್ದ ಒಂದೇ ಕ್ರೀಡಾಂಗಣ, ಎರಡು ವಾರ: ಅಂತರರಾಷ್ಟ್ರೀಯ ಪಂದ್ಯಾವಳಿಯನ್ನು ಇಷ್ಟು ಮಿತವಾಗಿಯೂ ನಡೆಸಬಹುದೆಂದು ಸ್ಯಾಫ್ ತೋರಿಸಿತು. 2022ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವಿನ ವಿಶ್ವಕಪ್ ಅಂತಿಮ ಪಂದ್ಯ ನಡೆದ ಕತಾರಿನಲ್ಲಿ ಎಂಟು ಕ್ರೀಡಾಂಗಣಗಳಿದ್ದವು, ಅವುಗಳಲ್ಲಿ ಏಳನ್ನು ಹೊಸದಾಗಿಯೇ ಕಟ್ಟಿದ್ದರು. ಆ ವಿಶ್ವಕಪ್ಪಿನ ಇಂಗಾಲದ ಹೊರೆ ಸುಮಾರು 36 ಲಕ್ಷ ಟನ್ ಎಂದು ಫಿಫಾ ಸಂಸ್ಥೆಯೇ ಅಂದಾಜು ಮಾಡಿ, ಅದನ್ನೆಲ್ಲ ಸರಿದೂಗಿಸುವುದಾಗಿ ಜಾಹೀರಾತು ನೀಡಿತ್ತು. ಆ ಮಾತಿಗೆ ಪುರಾವೆಯಿಲ್ಲವೆಂದು ಸ್ವಿಟ್ಜರ್ಲೆಂಡಿನ ಜಾಹೀರಾತು ನೀತಿ ಆಯೋಗ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಬೆಂಗಳೂರಿನಲ್ಲಿ ಸ್ಯಾಫ್ ಆರಂಭವಾದುದೂ ಅದೇ ತಿಂಗಳಲ್ಲಿ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದಾಗಿ ಬಂದ ಮೋಜೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಅದೇ ತಂಡದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದಿದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ 54 ವರ್ಷಗಳ ಅನಂತರ ಮತ್ತೆ ಗೆದ್ದುದು 2023ರ ಮಾರ್ಚ್ 4ರಂದು, ರಿಯಾದಿನಲ್ಲಿ. ಎದುರಾಳಿ ಮೇಘಾಲಯ. ಗುಡ್ಡಗಾಡಿನ ಪುಟ್ಟ ರಾಜ್ಯವೊಂದು ಅಂತಿಮ ಪಂದ್ಯದವರೆಗೆ ಬಂದಿತ್ತೆಂಬುದನ್ನು ಮಲೆನಾಡಿನವರು ಸುಮ್ಮನೆ ದಾಟಿಹೋಗಬಾರದು. ಜುಲೈ 4ರ ಗೆಲುವಿನಲ್ಲಿಯೂ ಸಮಗೊಳಿಸಿದ ಗೋಲು ಮಿಜೋರಾಮಿನದು, ಕೊನೆಯ ಒದೆತ ಮಣಿಪುರದ್ದು. ಸಮತಟ್ಟಾದ ನೆಲವೇ ಅಪರೂಪವಾದ ಮಿಜೋರಾಮಿನ ಐಜಾಲ್ ತಂಡ 2017ರಲ್ಲಿ ಐ-ಲೀಗ್ ಗೆದ್ದಿತ್ತು. ಆ ನಾಡುಗಳಲ್ಲಿ ಊರಿನ ಮೈದಾನವೆಂಬುದು ಚರ್ಚು, ಶಾಲೆಗಳಂತೆ ಊರವರೇ ಕಾಯುವ ಸೊತ್ತು. ಗುಡ್ಡ ಕಡಿದು ಮೈದಾನ ಮಾಡುವುದಕ್ಕೂ ಬೆಲೆಯಿದೆಯೆಂಬುದನ್ನು ಮಾತ್ರ 2018ರ ಆಗಸ್ಟಿನ ಕೊಡಗನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪದಕ ಪಡೆಯುವ ಹೊತ್ತಿನಲ್ಲಿ ಮಣಿಪುರದ ಜೀಕ್ಸನ್ ಸಿಂಗ್ ಏಳು ಬಣ್ಣದ ಬಾವುಟವೊಂದನ್ನು ಹೊದ್ದು ನಿಂತುದು ವಿವಾದವಾಯಿತು. ಅದು ಒಂದು ಸಮುದಾಯದ ಗುರುತೆಂದು ಕೆಲವರು ಆಕ್ಷೇಪಿಸಿದರು. ಯಾರನ್ನೂ ನೋಯಿಸುವ ಉದ್ದೇಶ ತಮಗಿಲ್ಲ, ತಮ್ಮ ರಾಜ್ಯದ ಸಂಕಟದ ಕಡೆಗೆ ಗಮನ ಸೆಳೆದು ಶಾಂತಿಯನ್ನು ಕೋರುವುದಷ್ಟೇ ಇಂಗಿತವೆಂದು ಅವರು ಸ್ಪಷ್ಟಪಡಿಸಿದರು. ಆಗ ಮಣಿಪುರದ ಹಿಂಸೆಗೆ ಎರಡು ತಿಂಗಳು. ಕಣಿವೆಯವರಿಗೂ ಗುಡ್ಡದವರಿಗೂ ನಡುವಿನ ಆ ಜಗಳದ ಬೇರುಗಳಲ್ಲಿ ನೆಲದ ಹಕ್ಕು, ಕಾಡಿನ ಹಕ್ಕುಗಳೂ ಸೇರಿವೆ. ಮನೆ ಕಳೆದುಕೊಂಡ ಸಾವಿರಾರು ಜನ ಆಶ್ರಯ ಬೇಡಿ ಹೋದುದು ಛಾಂಗ್ಟೆಯವರ ಮಿಜೋರಾಮಿಗೆ. ಮೈದಾನದಲ್ಲಿ ಒಬ್ಬರಿಗೊಬ್ಬರು ಚೆಂಡು ದಾಟಿಸುತ್ತಿದ್ದ ಹುಡುಗರ ಊರುಗಳ ಸ್ಥಿತಿ ಇದಾಗಿತ್ತು.

ಮತ್ತೆ ಲಗ್ಗೆರೆಗೆ ಬರೋಣವೆಂದರೆ, ಅಲ್ಲಿಗೆ ಮೊದಲು ಬರುವುದು ನೀರು. ಪೀಣ್ಯದ ಕಡೆಯಿಂದ ಇಳಿಯುವ ಕಾಲುವೆಗಳು ಆ ಭಾಗವನ್ನು ಹಾದು ವೃಷಭಾವತಿಗೆ, ಅದರ ಮೂಲಕ ಅರ್ಕಾವತಿಗೆ, ಕಡೆಗೆ ಕಾವೇರಿಗೆ ಸೇರುತ್ತವೆ. ಶುದ್ಧವಾಗಿ ಮೇಲೇರಿಸಿದ ಕಾವೇರಿ ಕೊಳೆಯಾಗಿ ಕಾವೇರಿಗೇ ಮರಳುವ ದಾರಿಯಿದು. ನಡುವೆ ತಡೆದು ನಿಲ್ಲಿಸುವ ಕೆರೆಗಳಿಲ್ಲದ್ದರಿಂದ ಒಂದು ಬಿರುಮಳೆ ಸಾಕು, ರಾಜಕಾಲುವೆ ರಸ್ತೆಗೇರುತ್ತದೆ. 2017ರ ಅಕ್ಟೋಬರ್‌ನಲ್ಲಿ ಕುರುಬರಹಳ್ಳಿಯಲ್ಲಿ ಹಾಗೆಯೇ ಆಗಿ ಮನುಷ್ಯರು ಕೊಚ್ಚಿಹೋದರು. ಮುಚ್ಚಿದ ಕೆರೆಯ ನೀರಿಗೆ ತನ್ನ ಹಳೆಯ ಜಾಗದ ನೆನಪಿರುತ್ತದೆ. ಅಂತಹ ಕಡೆ ಮಕ್ಕಳಿಗೆ ಮೈದಾನ ಬೇಕೆಂದು ಕೇಳಿದರೆ ಇನ್ನುಳಿದ ಕೆರೆಯ ಅಂಚನ್ನೇ ತೋರಿಸುವ ಧಾರಾಳತನ ಆಡಳಿತಕ್ಕೆ ಹಿಂದೆಯೂ ಇತ್ತು, ಈಗಲೂ ಇದೆ. ಕಾರ್ಖಾನೆಗೆ, ವಸತಿ ಯೋಜನೆಗೆ ನೂರಾರು ಎಕರೆ ಅಳೆಯುವಾಗ ಎರಡು ಎಕರೆ ಆಟಕ್ಕೆಂದು ಬಿಡಿಸಿಡುವ ಎಚ್ಚರ ಇರದಿದ್ದುದೇ ಮೂಲದ ತಪ್ಪು. ಅದರ ದಂಡವನ್ನು ಕೆರೆಗಳು ತೆರುತ್ತಿವೆ.

ಇದನ್ನು ಮಲೆನಾಡಿನ ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂದಿರುವುದಕ್ಕೆ ಕಾರಣವಿದೆ. ತಾಲ್ಲೂಕಿಗೊಂದು ಕ್ರೀಡಾಂಗಣ ಬೇಕೆಂಬ ಬೇಡಿಕೆ ಇಲ್ಲಿಯೂ ಇದೆ. ಅದು ನ್ಯಾಯವಾದ ಬೇಡಿಕೆ. ಆದರೆ ಘಟ್ಟದ ಊರುಗಳಲ್ಲಿ ಸಮತಟ್ಟಾಗಿ, ಒತ್ತುವರಿಯಾಗದೆ, ಸರ್ಕಾರದ ಹೆಸರಿನಲ್ಲಿ ಉಳಿದಿರುವ ಜಾಗವೆಂದರೆ ಹೂಳು ತುಂಬಿದ ಕೆರೆ. ಗೋಮಾಳವಾದರೋ ನೂರು ದನಗಳಿಗೆ 12 ಹೆಕ್ಟೇರಿನಂತೆ ಇರಬೇಕೆಂದು ಭೂಕಂದಾಯ ನಿಯಮ ಹೇಳುತ್ತದೆ. ಅದರ ಎಷ್ಟು ಭಾಗ ಅಕೇಶಿಯಾ ನೆಡುತೋಪಾಗಿದೆ, ಎಷ್ಟು ಭಾಗ ಬಲವಿದ್ದವರ ಬೇಲಿಯೊಳಗೆ ಸೇರಿದೆ ಎಂಬುದನ್ನು ಪ್ರತಿಯೊಂದು ಊರೂ ತನ್ನ ಪಹಣಿ, ಗ್ರಾಮನಕ್ಷೆಗಳನ್ನು ತೆಗೆದು ನೋಡಿಕೊಳ್ಳಬಹುದು. ಸುಪ್ರೀಂ ಕೋರ್ಟು 2001ರಲ್ಲಿಯೂ ಮತ್ತೆ 2011ರಲ್ಲಿಯೂ ಊರೊಟ್ಟಿನ ಕೆರೆಕಟ್ಟೆಗಳ ಜಾಗವನ್ನು ಬೇರೆ ಉಪಯೋಗಕ್ಕೆ ಕೊಡಬಾರದೆಂಬ ಅರ್ಥದ ತೀರ್ಪುಗಳನ್ನು ನೀಡಿದೆ. ಕರ್ನಾಟಕದಲ್ಲಿ 2014ರಿಂದ ಕೆರೆ ಸಂರಕ್ಷಣೆಗೆಂದೇ ಕಾನೂನಿದೆ. ಕ್ರೀಡಾಂಗಣದ ಪ್ರಸ್ತಾವ ಗ್ರಾಮಸಭೆಯ ಮುಂದೆ ಬಂದ ದಿನ ವಿದ್ಯಾರ್ಥಿಗಳೇ ಮೊದಲು ಎದ್ದುನಿಂತು, ಗೋಮಾಳದಲ್ಲಿ ಅಳೆಯಿರಿ, ಕೆರೆಯಲ್ಲಿ ಬೇಡ ಎಂದು ಕೇಳಿದರೆ ಅದನ್ನು ಆಟದ ವಿರೋಧವೆಂದು ಯಾರೂ ಹೀಗಳೆಯಲಾರರು. ಹಿರಿಯರು ಕೇಳಿದರೆ ಹೀಗಳೆಯುವವರಿದ್ದಾರೆ.

ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದಲ್ಲಿ ಚೆಂಡಾಡದ ಬಾಲ್ಯ ಮಲೆನಾಡಿನಲ್ಲಿ ವಿರಳ. ಅದನ್ನು ಯಾರೂ ತಪ್ಪೆಂದದ್ದಿಲ್ಲ. ಜೂನ್‌ನ ಮೊದಲ ಮಳೆಗೆ ಗೋಲಿನ ಕಂಬಗಳೆಂದು ನೆಟ್ಟ ಗಳುಗಳು ಮುಳುಗಿದಾಗ ಆಟಗಾರರೂ ತಕರಾರಿಲ್ಲದೆ ಏಳುತ್ತಿದ್ದರು. ಅದು ನೀರಿನಿಂದ ಕಡ ಪಡೆದ ಮೈದಾನವಾಗಿತ್ತು. ಸಂಪಂಗಿಯಲ್ಲಿ ಪೋಲೋ ಆಟಗಾರರು ಕೇಳಿದ್ದು ಬೇರೆ: ಮಳೆ ಬಂದರೂ ನೀರು ನಿಲ್ಲದಿರಲಿ ಎಂದು. ಕೊಡಗಿನಲ್ಲಿ, ದಕ್ಷಿಣ ಕನ್ನಡದಲ್ಲಿ ಮಳೆಗಾಲ ಬಂದರೆ ಕೆಸರುಗದ್ದೆಯ ಆಟಗಳು ನಡೆಯುತ್ತವೆ. ಉತ್ತು ನೀರು ಕಟ್ಟಿದ ಗದ್ದೆಯಲ್ಲಿ ಓಟ, ಹಗ್ಗಜಗ್ಗಾಟ. ಮುಖ ಗುರುತು ಸಿಗದಷ್ಟು ಕೆಸರು. ಬದುವಿನ ಮೇಲೆ ನಿಂತ ಊರವರ ಕೇಕೆ. ಕಾಲುಗಳು ತುಳಿದು ಹದಮಾಡಿದ ಆ ಗದ್ದೆಗೆ ನಾಲ್ಕು ದಿನ ಬಿಟ್ಟು ಹೆಂಗಸರು ಸಸಿಮಡಿಯಿಂದ ಕಿತ್ತ ಅಗೆಯ ಕಟ್ಟುಗಳನ್ನು ಹೊತ್ತು ನಾಟಿಗೆ ಇಳಿಯುತ್ತಾರೆ.